ತಲೆಯಿಲ್ಲದ ಟೇಪು

ಗೆರೆಯಣ್ಣನ ಟೇಪಿಗೆ ತಲೆ ಇರಲಿಲ್ಲ. ಮೂವತ್ತು ಮೀಟರಿನ ಬಟ್ಟೆಯ ಟೇಪು ಅದು. ತುದಿಗೆ ಹಿತ್ತಾಳೆಯ ಉಂಗುರ ಇದ್ದ ಕಾಲವೂ ಒಂದಿತ್ತು. ಹದಿನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಹುಲ್ಲು ಕತ್ತರಿಸುವ ಯಂತ್ರ ಅದರ ಮೇಲೆ ಹರಿದು, ಉಂಗುರದ ಜೊತೆಗೆ ಮೊದಲ ಇಪ್ಪತ್ತು ಸೆಂಟಿಮೀಟರೂ ಚಿಂದಿಯಾಗಿ ಹೋಯಿತು. ಯಂತ್ರ ಓಡಿಸುವವನನ್ನು ಮೈದಾನದಲ್ಲಿ ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಅವನು ಕೆಳಗಿಳಿದು ತಲೆ ಕೆರೆದುಕೊಂಡು, "ಹೊಸದು ಕೇಳಿ ಅಣ್ಣ, ಕೊಡ್ತಾರೆ" ಎಂದ. ಕೇಳಿದ್ದಾಯಿತು. ಆ ಅರ್ಜಿ ಯಾವ ಮೇಜಿನ ಕೆಳಗೆ ಸೇರಿತೋ, ಆಮೇಲೆ ಯಾರೂ ಅದರ ಮುಖ ನೋಡಲಿಲ್ಲ. ಕೊನೆಗೆ ಗೆರೆಯಣ್ಣ ಟೇಪನ್ನು ಮನೆಗೇ ಒಯ್ದ. ಅವನ ಹೆಂಡತಿ ಇಪ್ಪತ್ತರ ಗುರುತಿಗೆ ಸರಿಯಾಗಿ ಕತ್ತರಿಸಿ, ಎಳೆ ಬಿಚ್ಚಿಕೊಳ್ಳದಂತೆ ಅಂಚಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿಕೊಟ್ಟಳು.

ಅಂದಿನಿಂದ ಯಾವ ಅಳತೆಗೂ ಇಪ್ಪತ್ತು ಸೇರಿಸಬೇಕು. ಐದೂವರೆ ಮೀಟರು ಬೇಕಾದರೆ ಐದು ಎಪ್ಪತ್ತರ ಮೇಲೆ ಬೆರಳಿಡಬೇಕು. ಹನ್ನೊಂದು ಬೇಕಾದರೆ ಹನ್ನೊಂದು ಇಪ್ಪತ್ತರ ಮೇಲೆ. ಮೊದಮೊದಲು ಗೆರೆಯಣ್ಣ ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಿದ್ದ. ವರ್ಷ ಎರಡು ಕಳೆಯುವಷ್ಟರಲ್ಲಿ ಕೂಡಿಸುವ ಕೆಲಸವೇ ನಿಂತುಹೋಯಿತು, ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಕೈ ಕಲಿತದ್ದನ್ನು ತಲೆಗೆ ಒಪ್ಪಿಸಿ ಯಾರು ತಾನೇ ಕೆಲಸ ಮಾಡುತ್ತಾರೆ?

ಮೂವತ್ತೊಂದು ವರ್ಷದಿಂದ ಆ ಊರಿನ ದೊಡ್ಡ ಮೈದಾನದಲ್ಲಿ ಗೆರೆ ಎಳೆಯುವುದು ಅವನ ಕೆಲಸ. ಬಿಳಿ ಬಣ್ಣದ ಡಬ್ಬ ಕೂರಿಸಿದ ಒಂದು ಚಕ್ರದ ಗಾಡಿ, ಎರಡು ಉಂಡೆ ಹುರಿ, ಕಬ್ಬಿಣದ ಗೂಟಗಳು, ಈ ಟೇಪು: ಇಷ್ಟೇ ಅವನ ಆಸ್ತಿ. ಹುರಿ ಕಟ್ಟಿ, ಅದಕ್ಕೆ ಕಣ್ಣು ಹಚ್ಚಿ, ಗಾಡಿ ತಳ್ಳಿದನೆಂದರೆ ಗೆರೆ ಎಳ್ಳಷ್ಟೂ ಅಲುಗುತ್ತಿರಲಿಲ್ಲ. ಬೇರೆ ಊರಿನಿಂದ ಬಂದ ತಂಡದವರು ಕೂಡ ನಿಂತು ನೋಡಿ ಹೋಗುತ್ತಿದ್ದರು. ಅದರ ಜಂಬ ಅವನಿಗೆ ಇರಲಿಲ್ಲ ಎಂದರೆ ಶುದ್ಧ ಸುಳ್ಳು. ಇತ್ತು, ಚೆನ್ನಾಗಿಯೇ ಇತ್ತು. ಮನೆಯಲ್ಲೂ ಮಂಚ ಗೋಡೆಯಿಂದ ಎರಡು ಕಡೆಗೂ ಸಮ ದೂರದಲ್ಲಿರಬೇಕು, ಚಿತ್ರಪಟ ಸೊಟ್ಟಗಿದ್ದರೆ ಅನ್ನ ಇಳಿಯದು. "ಒಂದು ಮೊಳೆ ಹೊಡಿ ಅಂದ್ರೆ ಈ ಮನುಷ್ಯ ಗೋಡೆಗೆಲ್ಲಾ ಅಳತೆ ತಗೊಂಡು ಸಂಜೆ ಮಾಡ್ತಾನೆ" ಎಂದು ಹೆಂಡತಿ ಪಕ್ಕದ ಮನೆಯವಳಿಗೆ ಹೇಳಿ ನಗುತ್ತಿದ್ದಳು.

ಗೆರೆಯಣ್ಣನ ಬೆರಳಿನಷ್ಟೇ ಪಾಠ ಕಲಿತದ್ದು ಇನ್ನೊಂದಿತ್ತು, ಎಡಚನ ಕಾಲು. ಎಡಚ ಮೈದಾನದ ಹಿಂದಿನ ಬೀದಿಯವನು, ಎಡಗಾಲಿನಲ್ಲಿ ಒದೆಯುವವನು, ಈಗ ದೇಶದ ಫುಟ್ಬಾಲ್ ತಂಡದ ಆಟಗಾರ. ಹನ್ನೊಂದು ವರ್ಷದಿಂದ ಊರಿನಲ್ಲಿದ್ದ ದಿನವೆಲ್ಲ ಬೆಳಿಗ್ಗೆ ಬಂದು, ಉತ್ತರದ ಗೋಲಿಗೆ ಇಪ್ಪತ್ತು ಪೆನಾಲ್ಟಿ ಒದ್ದೇ ಹೋಗುತ್ತಿದ್ದ. ಚುಕ್ಕೆಯ ಮೇಲೆ ಚೆಂಡಿಟ್ಟು, ಎಣಿಸಿ ಐದು ಹೆಜ್ಜೆ ಹಿಂದಕ್ಕೆ ನಡೆದರೆ ಅವನ ಹಿಮ್ಮಡಿ ಗೋಲಿನ ಮುಂದಿನ ದೊಡ್ಡ ಚೌಕದ ಗೆರೆಗಿಂತ ಸರಿಯಾಗಿ ಒಂದು ಗೇಣು ಒಳಗೆ ನಿಲ್ಲುತ್ತಿತ್ತು. ಒಂದು ದಿನವೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ನೀನು ಇರೋವಾಗ ನನಗೆ ಟೇಪು ಯಾಕಪ್ಪಾ?" ಎಂದು ಗೆರೆಯಣ್ಣ ಬಲೆಯ ಹಿಂದಿನಿಂದ ಚೆಂಡು ಎಸೆಯುತ್ತಾ ಛೇಡಿಸುವನು. "ನಿಮ್ಮ ಚುಕ್ಕೆ ಇದ್ರೆ ನಾನಣ್ಣ" ಎಂದು ಅವನು ಅಲ್ಲಿಂದಲೇ ಹೇಳುವನು.

ಆ ವರ್ಷ ಎಂಟು ನೆರೆ ದೇಶಗಳ ಕಪ್ಪಿನ ಪಂದ್ಯಗಳು ಆ ಮೈದಾನಕ್ಕೇ ಬಂದವು. ನಮ್ಮ ತಂಡ ಬಿದ್ದೆದ್ದು ಫೈನಲಿಗೂ ಬಂತು. ಮೂರು ವಾರ ಆಡಿ ಆಡಿ ಉತ್ತರದ ಗೋಲಿನ ಮುಂದಿನ ನೆಲ ಬೋಳು ತಲೆಯಾಗಿತ್ತು. ಹುಲ್ಲೇ ಇಲ್ಲದ ನೆಲದಲ್ಲಿ ಫೈನಲ್ ಆಡಿಸಿದರೆ ಮಾನ ಹೋಗುತ್ತದೆಂದು ಗೋಲಿನ ಗೆರೆಯಿಂದ ಚುಕ್ಕೆಯ ಆಚೆವರೆಗೆ ಹಳೆಯದನ್ನು ಕಿತ್ತು ಹೊಸ ಹುಲ್ಲಿನ ಹಾಸು ತಂದು ಹಾಸಿದರು. ಅದರ ಜೊತೆಗೆ ಹಳೆಯ ಚುಕ್ಕೆಯೂ ಹೋಯಿತು. ವರ್ಷಗಟ್ಟಲೆ ಒದ್ದು ಅಲ್ಲಿ ಬಿದ್ದಿದ್ದ ಅಂಗೈಯಗಲದ ಕುಳಿಯೂ ಹೋಯಿತು. ಉಳಿದ ಗೆರೆಗಳಿಗೆ ಹಾಸಿನ ಹೊರಗೆ ನೆಲಕ್ಕೆ ಹೂತ ಗೂಟಗಳಿದ್ದವು, ಹುರಿ ಕಟ್ಟಿದರೆ ಸಾಕಿತ್ತು. ಚುಕ್ಕೆಗೆ ಮಾತ್ರ ಗೂಟವಿಲ್ಲ, ಅದನ್ನು ಗೋಲಿನ ಗೆರೆಯಿಂದ ಹನ್ನೊಂದು ಮೀಟರಿಗೆ ಅಳೆದೇ ಇಡಬೇಕು.

ಫೈನಲಿನ ಹಿಂದಿನ ದಿನ ಮಧ್ಯಾಹ್ನ ಗೆರೆಯಣ್ಣ ತನ್ನ ಟೇಪು ಬಿಚ್ಚುತ್ತಿದ್ದಾಗ ಮೈದಾನದ ಮೇಲ್ವಿಚಾರಕರು ಓಡೋಡಿ ಬಂದರು. ಅವರ ಹಿಂದೆ ದೂರದಲ್ಲಿ, ಪರದೇಶದಿಂದ ಬಂದ ತಪಾಸಣೆಯವರು ಮೂವರು ಗೋಲುಗಂಬ ಮುಟ್ಟಿ ನೋಡುತ್ತಿದ್ದರು.

"ಏನ್ರೀ ಇದು, ಈ ಚಿಂದೀನ ಅವರ ಮುಂದೆ ಹಿಡಿತೀರಾ? ಮರ್ಯಾದೆ ತೆಗಿಬೇಡಿ. ತಗೊಳ್ಳಿ ಇದನ್ನ." ಕೈಗೆ ಹೊಚ್ಚ ಹೊಸ ಟೇಪು ಬಂತು. ಹಳದಿ ಪೆಟ್ಟಿಗೆ, ಉಕ್ಕಿನ ನಾಲಿಗೆ, ತುದಿಗೆ ಕೊಕ್ಕೆ. "ಬೇಗ ಬೇಗ, ಅವರು ಈ ಕಡೆನೇ ಬರ್ತಿದ್ದಾರೆ."

ಹದಿನಾಲ್ಕು ವರ್ಷ ತಡವಾಗಿ ಬಂದ ಟೇಪನ್ನು ನೋಡಿ ಗೆರೆಯಣ್ಣನಿಗೆ ನಗುವೂ ಬಂತು, ಸಿಟ್ಟೂ ಬಂತು. ಹಳೆಯದನ್ನು ಜೇಬಿಗೆ ತುರುಕಿದ. ಹುಲ್ಲಿನ ಯಂತ್ರದ ಕತ್ತರಿ ಬಂದು ಕೊಕ್ಕೆಯನ್ನು ಗೋಲಿನ ಗೆರೆಗೆ ಒತ್ತಿ ಹಿಡಿದ. ಗೆರೆಯಣ್ಣ ಟೇಪು ಎಳೆದುಕೊಂಡು ಬಂದು, ಮಂಡಿಯೂರಿ, ಬೆರಳಿಟ್ಟ. ಮೇಲ್ವಿಚಾರಕರು ಬೆನ್ನ ಹಿಂದೆಯೇ ನಿಂತು "ಆಯ್ತಾ, ಆಯ್ತಾ" ಎನ್ನುತ್ತಿದ್ದರು. ಆಯಿತು. ಬೆರಳಿದ್ದ ಕಡೆ ಮೊಳೆ ಚುಚ್ಚಿ, ತಗಡಿನ ಅಚ್ಚು ಇಟ್ಟು, ಬಿಳಿ ಬಣ್ಣ ಒತ್ತಿದ. ತಪಾಸಣೆಯವರು ಬಂದು ಕಂಬದ ಎತ್ತರ ಅಳೆದರು, ಬಲೆ ಜಗ್ಗಿದರು, ಚುಕ್ಕೆಯನ್ನು ದೊಡ್ಡ ಹೆಜ್ಜೆಗಳಲ್ಲಿ ಅಳೆದಂತೆ ಮಾಡಿ ತಲೆಯಾಡಿಸಿ ಹೋದರು.

ಮರುದಿನ ನಾಲ್ಕು ಗಂಟೆಗೆ ಆಟ. ಗೆರೆಯಣ್ಣ ಎಂದಿನಂತೆ ಉತ್ತರದ ಗೋಲಿನ ಪಕ್ಕ, ಕೆಲಸದವರು ಹೋಗಿಬರುವ ದಾರಿಯ ಬಾಯಲ್ಲಿ ಬಣ್ಣದ ಬಕೆಟ್ಟು ಬೋರಲು ಹಾಕಿ ಕೂತಿದ್ದ. ಗ್ಯಾಲರಿಯಲ್ಲಿ ಕಾಲಿಡಲು ಜಾಗವಿಲ್ಲ. ಮೊದಲರ್ಧದಲ್ಲೇ ಎದುರಿನವರು ಒಂದು ಗೋಲು ಹೊಡೆದರು. ಆಮೇಲೆ ನಮ್ಮವರು ಒದ್ದದ್ದೆಲ್ಲ ಯಾರದೋ ಮೈಗೆ ಬಡಿದು ವಾಪಸಾಯಿತು. ಜನ ಕೂಗಿ ಕೂಗಿ ಗಂಟಲು ಕಟ್ಟಿಕೊಂಡರು. ಆಟ ಮುಗಿಯಲು ನಾಲ್ಕು ನಿಮಿಷ ಇದೆ ಎನ್ನುವಾಗ ಉತ್ತರದ ಚೌಕದೊಳಗೆ ಅವರ ಬ್ಯಾಕು ನಮ್ಮವನ ಕಾಲಿಗೆ ಕಾಲು ಕೊಟ್ಟ. ರೆಫರಿ ಸೀಟಿ ಊದಿ ಚುಕ್ಕೆ ತೋರಿಸಿದರು.

ಪೆನಾಲ್ಟಿ, ಅದೂ ಎಡಚ ದಿನಾ ಒದೆಯುವ ಗೋಲಿಗೆ. ಇಡೀ ಮೈದಾನ ಎದ್ದು ನಿಂತಿತು. ಗೆದ್ದೆವೆಂದೇ ಎಲ್ಲರ ಲೆಕ್ಕ. ಗೆರೆಯಣ್ಣನೂ ಬಕೆಟ್ಟು ಬಿಟ್ಟು ಎದ್ದ. ಎಡಚ ಚೆಂಡನ್ನು ಚುಕ್ಕೆಯ ಮೇಲಿಟ್ಟು, ಎಣಿಸಿ ಹಿಂದಕ್ಕೆ ನಡೆದ. ಒಂದು, ಎರಡು, ಮೂರು, ನಾಲ್ಕು, ಐದು.

ಹಿಮ್ಮಡಿ ಗೆರೆಯ ಮೇಲೆ ಬಿತ್ತು.

ಇಪ್ಪತ್ತೆರಡು ಸಾವಿರ ಜನರಲ್ಲಿ ಅದು ಕಂಡದ್ದು ಇಬ್ಬರಿಗೆ. ಎಡಚ ತಲೆ ಬಗ್ಗಿಸಿ ತನ್ನ ಹಿಮ್ಮಡಿ ನೋಡಿಕೊಂಡ. ಗೆರೆಯಣ್ಣನ ಕಣ್ಣು ಆ ಹಿಮ್ಮಡಿಯಿಂದ ಚುಕ್ಕೆಗೆ ಹೋಯಿತು. ಒಂದು ಗೇಣು. ಇಪ್ಪತ್ತು. ಹೊಸ ಟೇಪಿಗೆ ತಲೆ ಇತ್ತು. ಇದ್ದ ತಲೆಗೂ ತಾನು ಇಪ್ಪತ್ತು ಸೇರಿಸಿ ಬೆರಳಿಟ್ಟಿದ್ದೆ ಎಂಬುದು ಅವನಿಗೆ ಆ ಕ್ಷಣ ಅಂಗೈಯಷ್ಟು ಸ್ಪಷ್ಟವಾಗಿ ಹೊಳೆಯಿತು.

ಇನ್ನೂ ಹೊತ್ತಿತ್ತು. ಎದುರಿನವರ ಗೋಲುಕೀಪರು ಗೆರೆಯ ಮೇಲೆ ನಿಲ್ಲದೆ ಹಠ ಮಾಡುತ್ತಿದ್ದ, ರೆಫರಿ ಅವನನ್ನು ಹಿಂದಕ್ಕೆ ಕಳಿಸುತ್ತಿದ್ದರು. ಗೆರೆಯ ಪಕ್ಕ ಬಾವುಟ ಹಿಡಿದ ಸಹಾಯಕ ರೆಫರಿ ಗೆರೆಯಣ್ಣನಿಂದ ಹತ್ತು ಮಾರು ದೂರದಲ್ಲಿದ್ದರು. ಒಮ್ಮೆ ಕೂಗಿದ್ದರೆ ಸಾಕಿತ್ತು. ಆಟ ನಿಲ್ಲುತ್ತಿತ್ತು, ಟೇಪು ಬರುತ್ತಿತ್ತು, ಚೆಂಡು ಗೇಣು ಮುಂದಕ್ಕೆ ಬರುತ್ತಿತ್ತು. ಇಪ್ಪತ್ತೆರಡು ಸಾವಿರ ಜನ ಗೆರೆಯಣ್ಣನ ಕಡೆ ತಿರುಗಿ ನೋಡುತ್ತಿದ್ದರು, ಅಷ್ಟೇ. ಅವನು ಬಾಯಿ ತೆರೆದ. ನಾಲಿಗೆ ಏಳಲಿಲ್ಲ. ಅವನ ಮನಸ್ಸಿನಲ್ಲಿ ಆಗ ಬಂದದ್ದು ಒಂದೇ ಮಾತು: ಗೋಲಾಗಿಬಿಡಲಿ. ಗೋಲಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಎಡಚ ಅರ್ಧ ಹೆಜ್ಜೆ ಮುಂದಕ್ಕೆ ಬಂದು ನಿಂತ. ಹನ್ನೊಂದು ವರ್ಷದಲ್ಲಿ ಅವನು ಹಾಗೆ ಮಾಡಿದ್ದನ್ನು ಗೆರೆಯಣ್ಣ ನೋಡಿರಲಿಲ್ಲ. ಓಡಿ ಬಂದು ಒದ್ದ. ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು, ಗ್ಯಾಲರಿಗೆ ಹಾರಿ, ಜನರೊಳಗೆ ಬಿತ್ತು. ಅಡ್ಡಕಂಬ ಸ್ವಲ್ಪ ಹೊತ್ತು ಗುಂಯ್‌ಗುಡುತ್ತಲೇ ಇತ್ತು. ನಾಲ್ಕು ನಿಮಿಷದ ನಂತರ ಎದುರಿನವರು ಕಪ್ಪು ಎತ್ತಿಕೊಂಡು ಕುಣಿದರು. ಎಡಚ ಚುಕ್ಕೆಯ ಪಕ್ಕದಲ್ಲಿ ಕೂತವನು ಕೂತೇ ಇದ್ದ, ಮೇಲಿಂದ ಬಾಟಲಿಗಳು ಬಿದ್ದರೂ ಏಳಲಿಲ್ಲ.

ಗೆರೆಯಣ್ಣ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಶುರುಮಾಡಿದಳು. "ನೋಡಿದ್ರಾ, ಕೈಗೆ ಬಂದಿದ್ದನ್ನ ಹಾಳು ಮಾಡ್ದ. ಬೀದಿಯೋರೆಲ್ಲಾ ಅವನ ಮನೆ ಮುಂದೆ ನಿಂತು ಬೈತಿದ್ದಾರೆ. ಗೋಡೆ ಮೇಲಿದ್ದ ಅವನ ಪೋಸ್ಟರಿಗೆ ಮಸಿ ಬಳಿದಿದ್ದಾರೆ. ಅವನಮ್ಮ ಕಿಟಕಿ ಬಾಗಿಲೆಲ್ಲ ಹಾಕ್ಕೊಂಡು ಕೂತಿದ್ದಾಳೆ. ಅಂಥ ಕಾಲು ಇದ್ರೇನು, ಮುರಿದ್ರೇನು?"

"ಬೈಬೇಡ ಅವನ್ನ."

"ಊರೇ ಬೈತಿದೆ, ನಾನು ಬೈದ್ರೆ ನಿಮಗೇನು?"

"ಬೈಬೇಡ ಅಂದ್ನಲ್ಲ!"

ಮೂವತ್ತು ವರ್ಷದ ಸಂಸಾರದಲ್ಲಿ ಅವನು ದನಿಯೇರಿಸಿದ್ದು ಬೆರಳೆಣಿಕೆಯಷ್ಟು ಸಲ. ಹೆಂಡತಿ ಅವನ ಮುಖ ನೋಡಿ ತೆಪ್ಪಗಾದಳು. ತಟ್ಟೆ ಇಟ್ಟಳು, ಅವನು ಮುಟ್ಟಲಿಲ್ಲ. 

ಬೆಳಕು ಹರಿಯುತ್ತಲೇ ಮೈದಾನಕ್ಕೆ ಹೋದ. ಖಾಲಿ ಗ್ಯಾಲರಿಯಲ್ಲಿ ಕಾಗದದ ಲೋಟಗಳು ಉರುಳಾಡುತ್ತಿದ್ದವು. ಗೋಲಿನ ಗೆರೆಯ ಮೇಲೆ ಮೊಳೆ ಚುಚ್ಚಿ, ಅದಕ್ಕೆ ಕೊಕ್ಕೆ ಸಿಕ್ಕಿಸಿ ಹೊಸ ಟೇಪಿನಲ್ಲಿ ಅಳೆದ. ಹನ್ನೊಂದು ಇಪ್ಪತ್ತು. ನಂಬಿಕೆ ಬರದೆ ಹಳೆಯ ಟೇಪು ಬಿಚ್ಚಿ ಅಳೆದ. ಹನ್ನೊಂದು ನಲವತ್ತು, ಇಪ್ಪತ್ತು ಕಳೆದರೆ ಅದೇ. ಎರಡು ಟೇಪೂ ಒಂದೇ ಮಾತು ಹೇಳಿದವು.

ಮೇಲ್ವಿಚಾರಕರು ಬರುವುದನ್ನೇ ಕಾದು, ಅವರ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಅವರು ಕೇಳಿದರು, ಎದ್ದು ಬಾಗಿಲು ಹಾಕಿದರು.

"ಬೇರೆ ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ ಸಾರ್."

"ಹೇಳ್ಬೇಡಿ. ಅವನು ಒದ್ದಿದ್ದು ಕಂಬಕ್ಕೆ. ಗೇಣು ಮುಂದಿನಿಂದ ಒದ್ದಿದ್ರೂ ಕಂಬಕ್ಕೇ ಹೋಗ್ತಿತ್ತೇನೋ, ಯಾರಿಗ್ರೀ ಗೊತ್ತು? ಈಗ ನೀವು ಬಾಯಿ ಬಿಟ್ರೆ ಕಪ್ಪು ವಾಪಸ್ ಬರತ್ತಾ? ಬರಲ್ಲ. ಇನ್ನು ಹತ್ತು ವರ್ಷ ಈ ಮೈದಾನಕ್ಕೆ ಒಂದು ಪಂದ್ಯಾನೂ ಬರಲ್ಲ, ಅದು ಬೇಕಾದ್ರೆ ಗ್ಯಾರಂಟಿ." ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. "ಹೋಗಿ, ಆ ಚುಕ್ಕೆ ತೆಗೆದು ಸರಿಯಾದ ಜಾಗದಲ್ಲಿ ಹಾಕಿ. ಮುಗೀತು."

ಹೊರಗೆ ಬಂದಾಗ ಗೆರೆಯಣ್ಣನಿಗೆ ಎದೆ ಹಗುರಾಯಿತು. ಹೇಳುವವರಿಗೆ ಹೇಳಿದ್ದಾಯಿತು, ಸುಮ್ಮನಿರು ಎಂದವರು ಅವರು. ಮೆಟ್ಟಿಲು ಇಳಿದು ಹುಲ್ಲಿನ ಮೇಲೆ ಕಾಲಿಡುವವರೆಗೂ ಆ ಹಗುರ ಇತ್ತು. ಆಮೇಲೆ ಹಗುರಾದದ್ದಕ್ಕೇ ನಾಚಿಕೆಯಾಯಿತು.

ಗೆರೆ ಗಾಡಿಯ ಪಕ್ಕ ಮಂಡಿಯೂರಿ, ಚೂರಿಯಿಂದ ಚುಕ್ಕೆಯ ಸುತ್ತ ಹಾಸನ್ನು ಕೊಯ್ಯತೊಡಗಿದ. ಬಿಳಿ ಹುಲ್ಲನ್ನು ಇಡಿಯಾಗಿ ಎತ್ತಿ, ಪಕ್ಕದಿಂದ ಹಸಿರು ತುಂಡು ತಂದು ಕೂರಿಸಿದರೆ ಯಾರ ಕಣ್ಣಿಗೂ ಬೀಳದು. ಅಂಥ ಕೆಲಸದಲ್ಲಿ ಅವನ ಕೈ ಪಳಗಿತ್ತು. ಅರ್ಧ ಸುತ್ತು ಕೊಯ್ದಿರಬಹುದು, ಹುಲ್ಲಿನ ಮೇಲೆ ನೆರಳು ಬಿತ್ತು.

ಎಡಚ ನಿಂತಿದ್ದ. ಹಣೆಯ ಮೇಲೆ ಪಟ್ಟಿ, ಬಾಟಲಿ ತಗುಲಿದ ಗಾಯ. ಕೈಯಲ್ಲಿ ಬೂಟುಗಳ ಚೀಲ.

"ಹಿಂದಿನ ಗೇಟಿಂದ ಬಂದೆ ಅಣ್ಣ. ಮುಂದೆ ಪತ್ರಿಕೆಯವರು ಕಾಯ್ತಿದ್ದಾರೆ." ಅವನು ಹುಲ್ಲಿನ ಮೇಲೆ ಕೂತ. "ಇದನ್ನ ನಿಮ್ಮ ಹತ್ರ ಇಟ್ಕೊಳ್ಳಿ. ಯಾರಾದ್ರೂ ಆಡೋರಿಗೆ ಕೊಡಿ."

"ಯಾಕಪ್ಪಾ?"

"ನಂದು ಮುಗೀತು." ಅವನು ಅಡ್ಡಕಂಬದ ಕಡೆ ನೋಡುತ್ತಾ ಹೇಳಿದ. "ಒಂದು ಪೆನಾಲ್ಟಿ ತಪ್ಪಿದ್ದಕ್ಕಲ್ಲ. ಎಲ್ರೂ ತಪ್ತಾರೆ. ನಿನ್ನೆ ಹಿಂದಕ್ಕೆ ನಡೆದೆನಲ್ಲ, ಹಿಮ್ಮಡಿ ಗೆರೆ ಮೇಲೆ ಬಿತ್ತು. ಯಾವತ್ತೂ ಹಾಗಾಗಿರ್ಲಿಲ್ಲ. ಒಂದು ಕ್ಷಣ, ಚುಕ್ಕೆ ಎಲ್ಲೋ ತಪ್ಪಿದೆ ಅನ್ನಿಸ್ತು. ಆಮೇಲೆ ನನಗೇ ನಾಚಿಕೆ ಆಯ್ತು. ಚುಕ್ಕೆ ನಿಮ್ಮದು, ಅದೆಲ್ಲಿ ತಪ್ಪತ್ತೆ? ಹೆದರಿಕೇಲಿ ನನ್ನ ಹೆಜ್ಜೆನೇ ಉದ್ದ ಆಗಿದೆ ಅಂದ್ಕೊಂಡೆ. ಅರ್ಧ ಹೆಜ್ಜೆ ಮುಂದೆ ಬಂದೆ. ಅಲ್ಲಿಗೆ ಎಲ್ಲಾ ಕೆಟ್ಟು ಹೋಯ್ತು. ಓಡೋವಾಗ ಕಾಲು ನಂದೇ ಅಲ್ಲ ಅನ್ನಿಸ್ತಿತ್ತು." ಅವನು ಮುಖ ಒರೆಸಿಕೊಂಡ. "ಹೆದರಿದಾಗ ಕೈಕೊಡೋ ಕಾಲು ಇಟ್ಕೊಂಡು ಯಾವ ಆಟ ಆಡ್ಲಿ, ಹೇಳಿ?"

ಚೂರಿ ಗೆರೆಯಣ್ಣನ ಕೈಯಲ್ಲೇ ಇತ್ತು. ಇನ್ನರ್ಧ ಸುತ್ತು ಕೊಯ್ದರೆ ಆ ಚುಕ್ಕೆ ಇರುವುದಿಲ್ಲ. ಎಡಚ ತನ್ನ ಕಾಲನ್ನು ಬೈದುಕೊಂಡೇ ಉಳಿದ ಆಯುಸ್ಸು ಕಳೆಯುತ್ತಾನೆ, ಗೆರೆಯಣ್ಣ ಮೂವತ್ತೊಂದು ವರ್ಷದ ಹೆಸರು ಉಳಿಸಿಕೊಂಡು ನಿವೃತ್ತನಾಗುತ್ತಾನೆ. ಎರಡೂ ಕಣ್ಣೆದುರಿಗೇ ಇದ್ದವು.

ಅವನು ಚೂರಿಯನ್ನು ಕೆಳಗಿಟ್ಟ. ಜೇಬಿನಿಂದ ಹಳದಿ ಟೇಪು ತೆಗೆದ.

"ಇದರ ಕೊಕ್ಕೆ ತಗೊಂಡು ಹೋಗಿ ಗೋಲಿನ ಗೆರೆ ಮೇಲಿರೋ ಮೊಳೆಗೆ ಸಿಕ್ಕಿಸು."

"ಯಾಕಣ್ಣ?"

"ಹೋಗು, ಹೇಳ್ತೀನಿ."

ಎಡಚ ಹೋಗಿ ಸಿಕ್ಕಿಸಿ ಬಂದ. ಗೆರೆಯಣ್ಣ ಟೇಪನ್ನು ಬಿಗಿಯಾಗಿ ಎಳೆದು ಅರ್ಧ ಕೊಯ್ದ ಚುಕ್ಕೆಯ ನಡುವೆ ಹಿಡಿದ. 

"ಓದು."

ಎಡಚ ಬಗ್ಗಿದ. "ಹನ್ನೊಂದು..." ಎಂದು ನಿಲ್ಲಿಸಿದ. ಮತ್ತೆ ಬಗ್ಗಿ ನೋಡಿದ. "ಹನ್ನೊಂದು ಇಪ್ಪತ್ತು."

ಗೆರೆಯಣ್ಣ ಹೇಳಿದ. ಹಳೆಯ ಟೇಪನ್ನು ತೆಗೆದು ನೀಲಿ ಹೊಲಿಗೆ ತೋರಿಸಿದ, ಬೆರಳು ಎಲ್ಲಿಗೆ ಹೋಗುತ್ತಿತ್ತೆಂದು ತೋರಿಸಿದ.  "ನಿನ್ನ ಕಾಲು ಸರಿಯಾಗೇ ಇತ್ತಪ್ಪಾ. ನಿನ್ನೆ ಈ ಮೈದಾನದಲ್ಲಿ ಸರಿಯಾಗಿ ಅಳತೆ ಮಾಡಿದ್ದು ಅದೊಂದೇ."

ಎಡಚನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಹಿಡಿದಿಟ್ಟಿದ್ದ ಉಸಿರು ಬಿಟ್ಟ, ಎಡಗಾಲನ್ನು ಹುಲ್ಲಿನ ಮೇಲೆ ಚಾಚಿ ಅಂಗೈಯಿಂದ ಒಮ್ಮೆ ಸವರಿಕೊಂಡ.  ಹೇಳಿದ್ದು ಒಳ್ಳೆಯದಾಯಿತು ಎಂದು ಗೆರೆಯಣ್ಣ ಅಂದುಕೊಂಡ. ಅಷ್ಟರಲ್ಲಿ ಎಡಚ ತಲೆಯೆತ್ತಿದ.

"ಯಾವಾಗ ಗೊತ್ತಾಯ್ತು ನಿಮಗೆ? ಈಗ ಬೆಳಿಗ್ಗೆ ಅಳೆದಾಗ ತಾನೇ?"

ಹೌದು ಎನ್ನಬಹುದಿತ್ತು. ಒಂದು ಅಕ್ಷರದ ಕೆಲಸವೂ ಅಲ್ಲ, ಸುಮ್ಮನೆ ತಲೆಯಾಡಿಸಿದ್ದರೂ ನಡೆಯುತ್ತಿತ್ತು.

"ಇಲ್ಲ. ನಿನ್ನ ಹಿಮ್ಮಡಿ ಗೆರೆ ಮೇಲೆ ಬಿತ್ತಲ್ಲ, ಆಗ."

"ಒದೆಯೋಕೆ ಮುಂಚೆ."

"ಮುಂಚೆ."

ಎಡಚ ಕೆಲಸದವರ ದಾರಿಯ ಕಡೆ ನೋಡಿದ. ಬೋರಲು ಹಾಕಿದ ಬಕೆಟ್ಟು ನಿನ್ನೆ ಇದ್ದಲ್ಲೇ ಇತ್ತು. ಅಲ್ಲಿಂದ ಚುಕ್ಕೆಗೆ, ಚುಕ್ಕೆಯಿಂದ ಅಲ್ಲಿಗೆ ಅವನ ಕಣ್ಣು ಎರಡು ಸಲ ಹೋಗಿ ಬಂತು.

"ಒಂದು ಸಲ ಕೂಗಬಹುದಿತ್ತಲ್ಲಣ್ಣ."

ಗೆರೆಯಣ್ಣ ಹಳೆಯ ಟೇಪನ್ನು ಸುತ್ತತೊಡಗಿದ.  ಎಡಚ ಎದ್ದು, ಬೂಟುಗಳ ಚೀಲವನ್ನು ತಾನೇ ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಬೈಯಲಿಲ್ಲ. ಯಾರಿಗಾದರೂ ಹೇಳುತ್ತೇನೆಂದೂ ಅನ್ನಲಿಲ್ಲ, ಹೇಳುವುದಿಲ್ಲವೆಂದೂ ಅನ್ನಲಿಲ್ಲ. ಹಿಂದಿನ ಗೇಟಿನ ಕಡೆ ನಡೆದ. ನಡಿಗೆ ಬಂದಾಗಿನಂತೆ ಕುಗ್ಗಿರಲಿಲ್ಲ, ಹೆಜ್ಜೆಗಳೆಲ್ಲ ಒಂದೇ ಅಳತೆಯಲ್ಲಿ ಬೀಳುತ್ತಿದ್ದವು. ಅವನು ಮುಂದೆಯೂ ಆಡಿದ, ಬೇರೆ ಊರುಗಳಲ್ಲಿ. ಆ ಮೈದಾನಕ್ಕೆ ಬೆಳಗಿನ ಹೊತ್ತು ಮತ್ತೆ ಬರಲಿಲ್ಲ.

ಗೇಟು ಮುಚ್ಚಿದ ಸದ್ದು ಕೇಳಿದ ಮೇಲೆ ಗೆರೆಯಣ್ಣ ಉಳಿದರ್ಧ ಕೊಯ್ದು ಚುಕ್ಕೆಯನ್ನು ಎತ್ತಿ, ಬೋರಲು ಬಿದ್ದಿದ್ದ ಬಕೆಟ್ಟು ತಂದು ಅದಕ್ಕೆ ಹಾಕಿದ. ಹಸಿರು ತುಂಡು ಕೂರಿಸಿ, ಅಂಗೈಯಿಂದ ತಟ್ಟಿ, ನೀರು ಚಿಮುಕಿಸಿದ. ಹೊಸ ಚುಕ್ಕೆಗೆ ಹಳದಿ ಟೇಪು ಎಳೆದು ಬೆರಳಿಟ್ಟು, ಬೆರಳಿನ ಕೆಳಗಿನ ಅಂಕಿ ನೋಡಿದ. ಹನ್ನೊಂದು ಇಪ್ಪತ್ತು. ಇನ್ನೊಂದು ಕೈಯಿಂದ ಆ ಬೆರಳನ್ನು ಹಿಡಿದು ಹನ್ನೊಂದರ ಮೇಲೆ ತಂದಿಟ್ಟ. "ಹನ್ನೊಂದು" ಎಂದು ಗಟ್ಟಿಯಾಗಿ ಹೇಳಿದ. ಖಾಲಿ ಮೈದಾನದಲ್ಲಿ ಅವನ ದನಿ ಬಕೆಟ್ಟು ಇದ್ದ ಜಾಗವನ್ನೂ ದಾಟಿ, ಗ್ಯಾಲರಿಯ ಕೊನೆಯ ಮೆಟ್ಟಿಲವರೆಗೆ ಸರಾಗವಾಗಿ ಕೇಳಿಸಿತು.